ಪೇಷಂಟ್ ಕಡೆಯವರು ಯಾರು?

ಸರ್ಕಾರಿ ಆಸ್ಪತ್ರೆಯ ವಾರ್ಡಿನಲ್ಲಿ ಒಂದೇ ಒಂದು ರಾತ್ರಿ ಕಳೆದವರಿಗೂ ಈ ಕೂಗು ಪರಿಚಿತ. ‘ಹದಿನಾಲ್ಕನೇ ಬೆಡ್ಡು, ಪೇಷಂಟ್ ಕಡೆಯವರು ಯಾರ್ರೀ?’ ಕೂಗು ಕೇಳಿದ್ದೇ ತಡ, ಮಂಚದ ಕೆಳಗೆ ಚಾಪೆ ಹಾಸಿಕೊಂಡು ಮಲಗಿದ್ದವರು ಯಾರೋ ಒಬ್ಬರು ತಲೆಗೂದಲು ಸರಿ ಮಾಡಿಕೊಳ್ಳುತ್ತಾ ಎದ್ದು ಓಡುತ್ತಾರೆ. ರಕ್ತದ ಸ್ಯಾಂಪಲ್ ಲ್ಯಾಬಿಗೆ ಮುಟ್ಟಿಸಬೇಕಿರಬಹುದು, ಹೊರಗಿನ ಮೆಡಿಕಲ್ ಸ್ಟೋರಿನಿಂದ ಏನೋ ತರಬೇಕಿರಬಹುದು, ಎಕ್ಸ್‌ರೇಗೆ ಸ್ಟ್ರೆಚರ್ ತಳ್ಳಬೇಕಿರಬಹುದು. ಕರೆದದ್ದು ಯಾಕೆಂದು ತಿಳಿಯುವ ಮೊದಲೇ ಕಾಲು ಹೊರಟಿರುತ್ತದೆ. ಚಿಕ್ಕಪ್ಪನ ಜೊತೆ ನಮ್ಮ ಜಿಲ್ಲೆಯ ದೊಡ್ಡಾಸ್ಪತ್ರೆಯಲ್ಲಿ ಇದ್ದು ಬಂದ ಮೇಲೆ ಈ ಕೂಗು ನನ್ನನ್ನು ಬಿಟ್ಟಿಲ್ಲ. ನಮ್ಮ ಸಾರ್ವಜನಿಕ ಆರೋಗ್ಯ ವ್ಯವಸ್ಥೆಯ ಬಗ್ಗೆ ಯಾರೇ ಮಾತಾಡಿದರೂ ಡಾಕ್ಟರುಗಳ ಕೊರತೆ, ಹಾಸಿಗೆಗಳ ಕೊರತೆ, ಔಷಧಿ ಕೊರತೆ ಎಂದು ಶುರುಮಾಡುತ್ತಾರೆ. ಎಲ್ಲವೂ ನಿಜ. ಆದರೆ ಇಷ್ಟೆಲ್ಲ ಕೊರತೆ ಇದ್ದೂ ಆ ಆಸ್ಪತ್ರೆ ದಿನವೂ ನಡೆಯುತ್ತದಲ್ಲ, ಅದನ್ನು ನಡೆಸುತ್ತಿರುವವರು ಯಾರು ಎಂದು ಕೇಳುವವರು ಕಡಿಮೆ. ನನ್ನ ಮಟ್ಟಿಗೆ ಉತ್ತರ ಸಿಕ್ಕಿದೆ. ಪೇಷಂಟ್ ಕಡೆಯವರು.

ವಾರ್ಡಿನಲ್ಲಿ

ಚಿಕ್ಕಪ್ಪ ತೋಟದ ಬದುವಿನಲ್ಲಿ ಜಾರಿ ಬಿದ್ದು ತೊಡೆಮೂಳೆ ಮುರಿದುಕೊಂಡಿದ್ದರು. ತಾಲ್ಲೂಕು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು, ಕಾಲಿಗೆ ಕಟ್ಟು ಹಾಕಿ, ರೆಫರ್ ಚೀಟಿ ಬರೆದು 108ರಲ್ಲಿ ಕಳಿಸಿದರು. ಅಲ್ಲಿಯವರೆಗೆ ಯಾವ ಲೋಪವೂ ಇಲ್ಲ. ದೊಡ್ಡಾಸ್ಪತ್ರೆಯ ಮೂಳೆ ವಾರ್ಡಿನಲ್ಲಿ ಕಾಲಿಗೆ ಪಟ್ಟಿ ಸುತ್ತಿ, ಮಂಚದ ತುದಿಯಿಂದ ತೂಕ ಇಳಿಬಿಟ್ಟು, ‘ಆಪರೇಷನ್ ಆಗಬೇಕು, ಅಲ್ಲೀತನಕ ಅಲ್ಲಾಡಬಾರದು’ ಎಂದರು. ಚಿಕ್ಕಪ್ಪ ಅಲ್ಲಾಡಬಾರದು ಎಂದರೆ ಅವರ ಬದಲು ಬೇರೆ ಯಾರಾದರೂ ಓಡಾಡಬೇಕು ಎಂಬುದು ಬೆಳಗಾಗುವಷ್ಟರಲ್ಲಿ ತಿಳಿಯಿತು.

ಆಪರೇಷನ್‌ಗೆ ಮುಂಚೆ ರಕ್ತ ಪರೀಕ್ಷೆ, ಇಸಿಜಿ, ಎಕೋ, ಎದೆಯ ಎಕ್ಸ್‌ರೇ ಆಗಬೇಕು. ಆಮೇಲೆ ಫಿಸಿಷಿಯನ್ ನೋಡಿ ಫಿಟ್‌ನೆಸ್ ಕೊಡಬೇಕು, ಅನಸ್ತೇಷಿಯಾದವರು ಇನ್ನೊಂದು ಫಿಟ್‌ನೆಸ್ ಕೊಡಬೇಕು. ಬ್ಲಡ್ ಬ್ಯಾಂಕಿನಲ್ಲಿ ರಕ್ತ ಕಾದಿರಿಸಬೇಕು. ಆರೋಗ್ಯಮಿತ್ರರ ಕೌಂಟರಿನಲ್ಲಿ ರೇಷನ್ ಕಾರ್ಡು, ಆಧಾರ್ ಕೊಟ್ಟು ಉಚಿತ ಚಿಕಿತ್ಸೆಯ ಸರ್ಕಾರಿ ಯೋಜನೆಯ ಅನುಮತಿ ಪಡೆಯಬೇಕು. ಇವು ಯಾವುವೂ ಅನಗತ್ಯವಲ್ಲ. ವಯಸ್ಸಾದವರ ಮೈ ಕೊಯ್ಯುವ ಮುಂಚೆ ಇಷ್ಟು ನೋಡಲೇಬೇಕು. ಆದರೆ ಇಷ್ಟೂ ಕಡೆಗೆ ಫೈಲು ತಾನಾಗಿ ಹೋಗುವುದಿಲ್ಲ. ಲ್ಯಾಬ್ ಒಂದು ಕಟ್ಟಡ, ಎಕೋ ಇನ್ನೊಂದು ಕಟ್ಟಡ, ಬ್ಲಡ್ ಬ್ಯಾಂಕ್ ಹಿಂದಿನ ಗೇಟಿನ ಹತ್ತಿರ. ಚಿಕ್ಕಮ್ಮ ಮಂಚದ ಪಕ್ಕ ಬಿಟ್ಟು ಕದಲುವಂತಿಲ್ಲ, ಹಾಗಾಗಿ ಫೈಲು ಹಿಡಿದುಕೊಂಡು ನಾನು. ಸಿಸ್ಟರ್ ರಕ್ತ ಎಳೆದು, ನೇರಳೆ ಮುಚ್ಚಳದ್ದೊಂದು, ಕೆಂಪು ಮುಚ್ಚಳದ್ದೊಂದು ಟ್ಯೂಬನ್ನು ನನ್ನ ಅಂಗೈಯಲ್ಲಿಟ್ಟು ‘ಹನ್ನೆರಡರೊಳಗೆ ಕೊಟ್ಟುಬಿಡಿ, ಆಮೇಲೆ ತಗೊಳ್ಳಲ್ಲ’ ಎಂದರು. ಅಂಗೈಗೆ ಬೆಚ್ಚಗೆ ತಾಗುತ್ತಿತ್ತು. ಚಿಕ್ಕಪ್ಪನ ರಕ್ತವನ್ನು ಕೈಯಲ್ಲಿ ಹಿಡಿದುಕೊಂಡು ಜನಜಂಗುಳಿಯ ಕಾರಿಡಾರಿನಲ್ಲಿ ಯಾರಿಗೂ ಡಿಕ್ಕಿ ಹೊಡೆಯದಂತೆ ನಡೆಯುವಾಗ, ಎದುರಿಗೆ ಇನ್ನೂ ಎಷ್ಟೋ ಜನ ಅದೇ ರೀತಿ ಮುಷ್ಟಿ ಕಟ್ಟಿಕೊಂಡು ಬರುತ್ತಿದ್ದರು. ಒಬ್ಬ ಹುಡುಗನಿಗೆ ಹತ್ತು ವರ್ಷವಿದ್ದಿರಬಹುದು, ಅವನ ಕೈಯಲ್ಲೂ ಒಂದು ಟ್ಯೂಬು.

ಸಿಸ್ಟರ್ ಮೇಲೆ ಸಿಟ್ಟು ಮಾಡಿಕೊಳ್ಳಲು ನನ್ನಿಂದ ಆಗಲಿಲ್ಲ. ರಾತ್ರಿ ಪಾಳಿಯಲ್ಲಿ ನಲವತ್ತು ಹಾಸಿಗೆಗೆ ಅವರೊಬ್ಬರೇ. ಜೊತೆಗೊಬ್ಬ ನರ್ಸಿಂಗ್ ವಿದ್ಯಾರ್ಥಿನಿ. ನೆಲದ ಮೇಲೆ ಹಾಸಿಗೆ ಹಾಕಿಸಿಕೊಂಡವರು ಬೇರೆ. ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂರು ರೋಗಿಗಳಿಗೊಬ್ಬ ನರ್ಸ್ ಇರಬೇಕು, ಉಳಿದ ಆಸ್ಪತ್ರೆಗಳಲ್ಲಿ ಐವರಿಗೊಬ್ಬರು ಎಂದು ಭಾರತೀಯ ನರ್ಸಿಂಗ್ ಕೌನ್ಸಿಲ್ಲಿನ ನಿಯಮವೇ ಹೇಳುತ್ತದೆ. ಆ ಲೆಕ್ಕ ಹಿಡಿದರೆ ಅವರೊಬ್ಬರೇ ಎಷ್ಟು ಜನರ ಕೆಲಸ ಮಾಡುತ್ತಿದ್ದರು ನೋಡಿ. ಸ್ಟ್ರೆಚರ್ ತಳ್ಳಲು, ಬೆಡ್‌ಪ್ಯಾನ್ ಕೊಡಲು, ಮಗ್ಗುಲು ಬದಲಿಸಲು ಹಿಂದೆ ಖಾಯಂ ಡಿ ಗ್ರೂಪ್ ನೌಕರರಿರುತ್ತಿದ್ದರು. ಅವರು ನಿವೃತ್ತರಾದಂತೆ ಆ ಜಾಗಕ್ಕೆ ಬಂದದ್ದು ಹೊರಗುತ್ತಿಗೆ. ಗುತ್ತಿಗೆದಾರ ಕಳಿಸಿದಷ್ಟು ಜನ, ಅವನು ಕೊಟ್ಟಷ್ಟು ಸಂಬಳ. ಆ ಹೆಣ್ಣುಮಕ್ಕಳು ಬೆಳಗ್ಗೆ ನೆಲ ಒರೆಸಿ ಮುಗಿಸುವುದರೊಳಗೇ ಸುಸ್ತಾಗಿರುತ್ತಾರೆ. ಉಳಿದ ಕೆಲಸ ಎಲ್ಲಿಗೆ ಹೋಯಿತು? ಅದನ್ನು ಯಾರೂ ರದ್ದು ಮಾಡಲಿಲ್ಲ, ಯಾವ ಆದೇಶವೂ ಹೊರಡಲಿಲ್ಲ. ಅದು ಸದ್ದಿಲ್ಲದೆ ಮಂಚದ ಕೆಳಗೆ ಚಾಪೆ ಹಾಸಿಕೊಂಡವರ ಪಾಲಿಗೆ ಬಂತು.

ಪಕ್ಕದ ಹಾಸಿಗೆ

ಚಿಕ್ಕಪ್ಪನ ಪಕ್ಕದ ಹಾಸಿಗೆಯಲ್ಲಿದ್ದವರು ಅರವತ್ತು ದಾಟಿದ ಒಬ್ಬ ಹಿರಿಯರು. ಪೇಟೆಯ ಹೋಟೆಲೊಂದರಲ್ಲಿ ಪಾತ್ರೆ ತೊಳೆಯುವ ಕೆಲಸ. ಬೈಕು ಗುದ್ದಿ ಬಿದ್ದಾಗ ಹೋಟೆಲಿನ ಹುಡುಗರು ತಂದು ಸೇರಿಸಿ, ಮಾರನೆಯ ದಿನ ಒಂದು ಲೋಟ, ಒಂದು ಟವೆಲ್ಲು ಕೊಟ್ಟು ಹೋಗಿದ್ದರಂತೆ. ಊರು ಉತ್ತರದ ಕಡೆ, ದೂರ. ರೇಷನ್ ಕಾರ್ಡು ಅಣ್ಣನ ಮನೆಯಲ್ಲಿ. ಅಣ್ಣ ಇದ್ದಾನೋ ಇಲ್ಲವೋ ಅವರಿಗೆ ಖಾತ್ರಿಯಿರಲಿಲ್ಲ.

ಬೆಳಗಿನ ರೌಂಡ್ಸಿನಲ್ಲಿ ಡಾಕ್ಟರು ಬರುತ್ತಿದ್ದರು, ಹಿಂದೆ ಪಿಜಿ ಹುಡುಗರ ದಂಡು. ಚಿಕ್ಕಪ್ಪನ ಮಂಚದ ಹತ್ತಿರ ನಿಂತು ‘ಎಕೋ ಆಯ್ತಾ? ಫಿಟ್‌ನೆಸ್ ಆಯ್ತಾ?’ ಎಂದು ಕೇಳಿ, ಆದದ್ದಕ್ಕೆ ಗುರುತು ಹಾಕಿ, ಆಗದ್ದನ್ನು ನನಗೆ ಹೇಳಿ ಮುಂದೆ ಹೋಗುತ್ತಿದ್ದರು. ಪಕ್ಕದ ಹಾಸಿಗೆಯ ಹತ್ತಿರ ಬಂದಾಗ ‘ಇವರದ್ದು ಏನಾಯ್ತು?’ ಎಂದರೆ ‘ಕಡೆಯವರು ಇಲ್ಲ ಸರ್’ ಎಂದು ಉತ್ತರ. ಡಾಕ್ಟರು ಒಂದು ಕ್ಷಣ ನಿಲ್ಲುತ್ತಿದ್ದರು. ಅವರ ಮುಖದಲ್ಲಿ ತಾತ್ಸಾರ ಇರಲಿಲ್ಲ, ನಾನು ಗಮನಿಸಿದ್ದೇನೆ. ‘ನೋಡ್ರೀ, ಏನಾದ್ರೂ ಮಾಡಿ’ ಎನ್ನುತ್ತಿದ್ದರು. ಮಾಡುವವರು ಯಾರು ಎಂಬುದು ಮಾತ್ರ ಯಾವ ದಿನವೂ ತೀರ್ಮಾನವಾಗುತ್ತಿರಲಿಲ್ಲ. ಆಪರೇಷನ್ ಮಾಡಲು ಸರ್ಜನ್ ಇದ್ದರು, ಥಿಯೇಟರ್ ಇತ್ತು, ಹಾಕಬೇಕಾದ ರಾಡ್ ಇತ್ತು. ಫೈಲು ಹೊತ್ತು ಓಡಾಡುವ ಒಬ್ಬ ಮನುಷ್ಯ ಇರಲಿಲ್ಲ, ಅಷ್ಟೇ ಕಾರಣಕ್ಕೆ ಅವರ ಮೂಳೆ ಹಾಗೇ ಕಾಯುತ್ತಿತ್ತು.

ಚಿಕ್ಕಮ್ಮನಿಗೆ ಮೊದಲು ಕಣ್ಣಿಗೆ ಬಿದ್ದದ್ದು ಅವರು ನೀರು ಕುಡಿಯುತ್ತಿಲ್ಲ ಎಂಬುದು. ಆಸ್ಪತ್ರೆಯ ಊಟ ಬರುತ್ತಿತ್ತು. ಮಧ್ಯಾಹ್ನ ಉಣ್ಣುತ್ತಿದ್ದರು. ಸಂಜೆ ಬಂದ ಹಾಲು, ಬ್ರೆಡ್ಡು ಹಾಗೇ ಇರುತ್ತಿತ್ತು. ಲೋಟದ ನೀರು ಮುಟ್ಟುತ್ತಿರಲಿಲ್ಲ. ‘ಯಾಕಣ್ಣ, ಸೇರಲ್ವಾ?’ ಎಂದು ಚಿಕ್ಕಮ್ಮ ಕೇಳಿದರು. ಅವರು ಮುಖ ಗೋಡೆಯ ಕಡೆ ತಿರುಗಿಸಿ, ‘ರಾತ್ರಿ ಪಾಟು ಕೊಡೋರು ಯಾರವ್ವಾ’ ಎಂದರು.

ಬಾಯಾರಿದವರೊಬ್ಬರು, ಪಕ್ಕದಲ್ಲೇ ನೀರಿದ್ದೂ, ಇನ್ನೊಬ್ಬರಿಗೆ ಹೊರೆಯಾಗಬಾರದೆಂದು ರಾತ್ರಿಯಿಡೀ ಗಂಟಲು ಒಣಗಿಸಿಕೊಂಡು ಮಲಗುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಚಿಕ್ಕಮ್ಮ ಒಂದೂ ಮಾತಾಡದೆ ಹೊರಗೆ ಹೋಗಿ ಪಾಟು ತೊಳೆದು ತಂದು ಇಬ್ಬರ ಮಂಚದ ನಡುವೆ ಇಟ್ಟರು. ಆವತ್ತಿನಿಂದ ಎರಡು ಹಾಸಿಗೆಗೂ ಅವರೇ ಕಡೆಯವರು. ನಾನೂ ಎರಡು ಫೈಲು ಹಿಡಿದುಕೊಂಡು ಓಡಾಡತೊಡಗಿದೆ. ಎಕೋ ಕೋಣೆಯ ಮುಂದೆ ‘ನೀವು ಇವರಿಗೆ ಏನಾಗಬೇಕು?’ ಎಂದು ಕೇಳಿದರೆ ‘ಪಕ್ಕದ ಬೆಡ್’ ಎನ್ನುತ್ತಿದ್ದೆ. ಕೆಲವು ಕಡೆ ಅಷ್ಟು ಸಾಕಾಗುತ್ತಿತ್ತು. ಯೋಜನೆಯ ಕೌಂಟರಿನಲ್ಲಿ ಸಾಕಾಗಲಿಲ್ಲ. ಅಲ್ಲಿ ಕಾರ್ಡು ಬೇಕು.

ಚಿಕ್ಕಪ್ಪನ ಆಪರೇಷನ್ ಆಗಿ, ಹೊಲಿಗೆ ಒಣಗಿ, ಡಿಸ್ಚಾರ್ಜ್ ಆದ ದಿನವೂ ಆ ಹಿರಿಯರ ಕಾಲಿಗೆ ಕಟ್ಟಿದ್ದ ತೂಕ ಹಾಗೇ ತೂಗುತ್ತಿತ್ತು. ಫಿಟ್‌ನೆಸ್ ಎರಡೂ ಸಿಕ್ಕಿತ್ತು, ಕಾರ್ಡಿನ ತೊಡಕು ಬಿಡಿಸಲು ಆಸ್ಪತ್ರೆಯವರು ಪ್ರಯತ್ನಿಸುತ್ತಿದ್ದರು. ಚಿಕ್ಕಮ್ಮ ಗಂಟುಮೂಟೆ ಕಟ್ಟುವ ಮೊದಲು ಎದುರಿನ ಹಾಸಿಗೆಯವರ ಜೊತೆಗಿದ್ದ ಹೆಂಗಸಿನ ಹತ್ತಿರ ಹೋಗಿ, ಯಾವ ಹೊತ್ತಿಗೆ ಮಾತ್ರೆ, ಪಾಟು ಎಲ್ಲಿದೆ, ಸಂಜೆ ನೀರು ಕುಡಿಯಲು ಒತ್ತಾಯ ಮಾಡಬೇಕು, ಬೆನ್ನಿನ ಎಡಗಡೆ ಕೆಂಪಗಾಗಿದೆ, ಅಲ್ಲಿ ಪೌಡರ್ ಹಾಕಬೇಕು ಎಂದು ಒಂದೊಂದಾಗಿ ಹೇಳಿದರು. ಪಾಳಿ ಬದಲಾಗುವಾಗ ಸಿಸ್ಟರುಗಳು ಒಬ್ಬರಿಗೊಬ್ಬರು ಒಪ್ಪಿಸುವುದೂ ಹೀಗೇ. ಆ ಹೆಂಗಸು ‘ಆಯ್ತಕ್ಕ, ನೀವು ಹೋಗ್ ಬನ್ನಿ’ ಎಂದರು.

ಯಾವ ಪುಸ್ತಕದಲ್ಲೂ ಇಲ್ಲದ ಖರ್ಚು

ಆರೋಗ್ಯದ ಮೇಲೆ ದೇಶ ಎಷ್ಟು ಖರ್ಚು ಮಾಡುತ್ತದೆ, ಅದರಲ್ಲಿ ಯಾರ ಪಾಲೆಷ್ಟು ಎಂದು ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದಲ್ಲಿ ಬರೆಯುತ್ತಾರೆ. 2013-14ರಲ್ಲಿ ಒಟ್ಟು ಆರೋಗ್ಯ ವೆಚ್ಚದ ಶೇ. 64.2ರಷ್ಟು ಜನರ ಜೇಬಿನಿಂದ ಹೋಗುತ್ತಿತ್ತು. 2021-22ರ ಹೊತ್ತಿಗೆ ಅದು ಶೇ. 39.4ಕ್ಕೆ ಇಳಿದಿದೆ. ಸಂತೋಷದ ವಿಷಯವೇ. ಸರ್ಕಾರದ ಖರ್ಚು ಅದೇ ವರ್ಷ ಜಿಡಿಪಿಯ ಶೇ. 1.84ರಷ್ಟಿತ್ತು. 2017ರ ರಾಷ್ಟ್ರೀಯ ಆರೋಗ್ಯ ನೀತಿ 2025ರೊಳಗೆ ಶೇ. 2.5 ಮುಟ್ಟಬೇಕು ಎಂದಿತ್ತು. ಈ ಅಂಕಿಗಳ ಮೇಲೆ ಅರ್ಥಶಾಸ್ತ್ರಜ್ಞರು ವಾದ ಮಾಡುತ್ತಲೇ ಇದ್ದಾರೆ, ಮಾಡಲಿ. ನನಗೆ ಬೇಕಾದದ್ದು ಆ ಪುಸ್ತಕದ ಯಾವ ಕಾಲಂನಲ್ಲೂ ಇಲ್ಲ. ಚಿಕ್ಕಮ್ಮ ಕಳೆದುಕೊಂಡ ಕೂಲಿ ಅಲ್ಲಿಲ್ಲ. ಮನೆಯಲ್ಲಿ ಬಿಟ್ಟುಬಂದ ಎಮ್ಮೆಗೆ ಹುಲ್ಲು ಹಾಕಲು ಪಕ್ಕದ ಮನೆಯವರಿಗೆ ಕೊಟ್ಟ ದುಡ್ಡು ಅಲ್ಲಿಲ್ಲ. ಉದ್ಯೋಗ ಖಾತರಿಯ ದಿನಗೂಲಿ ಕರ್ನಾಟಕದಲ್ಲಿ 2025-26ರಲ್ಲಿ 370 ರೂಪಾಯಿ ಇತ್ತು. ಆ ಲೆಕ್ಕದಲ್ಲಿ ಒಬ್ಬ ರೋಗಿಯ ಜೊತೆ ಇಬ್ಬರು ಹತ್ತು ದಿನ ನಿಂತರೆ 7,400 ರೂಪಾಯಿ ಹೋಯಿತು. ಆಪರೇಷನ್ ಉಚಿತ, ಹಾಸಿಗೆ ಉಚಿತ, ಮಾತ್ರೆಯೂ ಬಹುಪಾಲು ಉಚಿತ ಎಂದು ಬರೆದ ಫಲಕದ ಕೆಳಗೆ ಕೂತ ಕುಟುಂಬವೊಂದು ತೆತ್ತ ಬೆಲೆ ಅದು. ಆ ಹಣ ಯಾರಿಗೂ ಸೇರುವುದಿಲ್ಲ, ಅದಕ್ಕೇ ಯಾರ ಲೆಕ್ಕಕ್ಕೂ ಬರುವುದಿಲ್ಲ.

ಇನ್ನು ರಕ್ತದ್ದು. ರೋಗಿಯ ಕಡೆಯವರಿಂದ ಬದಲಿ ರಕ್ತ ಪಡೆಯುವ ಪದ್ಧತಿಯನ್ನು ಹಂತಹಂತವಾಗಿ ನಿಲ್ಲಿಸಬೇಕೆಂದು 2002ರ ರಾಷ್ಟ್ರೀಯ ರಕ್ತ ನೀತಿಯೇ ಹೇಳಿದೆ. ಹೀಗಿದ್ದೂ ‘ಎರಡು ಯೂನಿಟ್ ಬೇಕು, ಡೋನರ್ ಕರ್ಕೊಂಡು ಬನ್ನಿ’ ಎಂಬ ಮಾತು ಕೇಳದೆ ವಾರ್ಡಿನಲ್ಲಿ ದಿನ ಕಳೆಯುವುದಿಲ್ಲ. ಊರಿನಿಂದ ಇಬ್ಬರು ಹುಡುಗರು ಬಸ್ಸು ಹತ್ತಿ ಬರಬೇಕು. ಬರುವವರು ಇದ್ದರೆ ಸರಿ.

ಜೊತೆಗೆ ಮನೆಯವರಿರುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ 1950ರ ದಶಕದಲ್ಲಿ ಆವರಣದೊಳಗೆ ಡೇರೆ ಹಾಕಿಸಿ ರೋಗಿಗಳ ಜೊತೆ ಮನೆಯವರನ್ನೂ ಇರಿಸಿಕೊಂಡರು. ಕಾಯಿಲೆಯವರು ಬೇಗ ಚೇತರಿಸಿಕೊಂಡದ್ದಷ್ಟೇ ಅಲ್ಲ, ಮನೆಯವರ ಭಯವೂ ಕಡಿಮೆಯಾಯಿತು. ನಮ್ಮ ನಿಮ್ಹಾನ್ಸ್‌ನಲ್ಲೂ ಕುಟುಂಬವನ್ನು ಚಿಕಿತ್ಸೆಯ ಭಾಗವಾಗಿ ನೋಡುವ ಪರಂಪರೆ ಹಳೆಯದು. ಈಚೆಗೆ ಬೆಂಗಳೂರು ಮೂಲದ ನೂರಾ ಹೆಲ್ತ್ ಸಂಸ್ಥೆ ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಲ್ಲೂ ಜೊತೆಗಿರುವವರಿಗೆ ಕೈ ತೊಳೆಯುವುದು, ಗಾಯ ನೋಡಿಕೊಳ್ಳುವುದು, ಬಾಣಂತಿ ಮಗುವಿನ ಆರೈಕೆ ಹೇಳಿಕೊಡುವ ಕೆಲಸ ಮಾಡುತ್ತಿದೆ. ಮನೆಗೆ ಹೋದ ಮೇಲೆ ನೋಡಿಕೊಳ್ಳಬೇಕಾದವರು ಮನೆಯವರೇ ಆದ್ದರಿಂದ ಇದು ಬೇಕಾದ ಕೆಲಸ. ಕೈ ಹಿಡಿದು ಕೂರಲು, ಗಂಜಿ ಕುಡಿಸಲು, ಧೈರ್ಯ ಹೇಳಲು ಮನೆಯವರಿರಲಿ. ಸ್ಯಾಂಪಲ್ ಸಾಗಿಸುವುದು, ಸ್ಟ್ರೆಚರ್ ತಳ್ಳುವುದು, ಫೈಲು ಹೊರುವುದು ಮನೆಯವರ ಕೆಲಸವಲ್ಲ. ಎರಡನ್ನೂ ಒಂದೇ ಎಂದುಕೊಂಡದ್ದರಿಂದ ಚಿಕ್ಕಮ್ಮನಂಥವರಿಗೆ ಚಿಕ್ಕಪ್ಪನ ಹತ್ತಿರ ಕೂತು ಮಾತಾಡಲೂ ಬಿಡುವಿರಲಿಲ್ಲ.

ಕೋವಿಡ್ ಬಂದಾಗ

2020ರಲ್ಲಿ ವಾರ್ಡಿನ ಬಾಗಿಲು ಮುಚ್ಚಿದರು. ಸೋಂಕಿನ ಕಾರಣಕ್ಕೆ ಕಡೆಯವರು ಒಳಗೆ ಬರುವಂತಿಲ್ಲ. ಆಗ ಏನಾಯಿತೆಂದು ಯಾರೂ ಮರೆತಿರಲಾರರು. ಶೌಚಾಲಯಕ್ಕೆ ನಡೆದು ಹೋಗಲಾಗದ ವಯಸ್ಸಾದವರು, ಆಕ್ಸಿಜನ್ ಮಾಸ್ಕ್ ಸರಿದರೆ ಸರಿಮಾಡಲಾಗದವರು, ತಟ್ಟೆ ಇಟ್ಟು ಹೋದರೂ ಕೈ ಎತ್ತಿ ಉಣ್ಣಲಾಗದವರು. ಫೋನು ಮಾಡಿ ‘ಇಲ್ಲಿ ನೋಡೋರು ಯಾರೂ ಇಲ್ಲ’ ಎಂದು ಅತ್ತವರು ನನ್ನ ಪರಿಚಯದಲ್ಲೇ ಇದ್ದಾರೆ. ಪಿಪಿಇ ತೊಟ್ಟು ಬೆವರಲ್ಲಿ ನೆನೆದು ದುಡಿದ ನರ್ಸುಗಳು, ಡಾಕ್ಟರುಗಳು ಜೀವ ಒತ್ತೆಯಿಟ್ಟಿದ್ದರು. ಅವರಲ್ಲಿ ತೀರಿಕೊಂಡವರೂ ಇದ್ದಾರೆ. ಕೊರತೆ ಅವರ ಮನಸ್ಸಿನಲ್ಲಿರಲಿಲ್ಲ. ಕಡೆಯವರನ್ನು ತೆಗೆದರೆ ನಮ್ಮ ಆಸ್ಪತ್ರೆಗಳಲ್ಲಿ ಎಷ್ಟು ಕೈಗಳು ಕಡಿಮೆಯಾಗುತ್ತವೆ ಎಂಬುದು ಮೊದಲ ಬಾರಿಗೆ ಕಣ್ಣಿಗೆ ಬಿತ್ತು. 2021ರ ಎರಡನೇ ಅಲೆಯಲ್ಲಂತೂ ಹಾಸಿಗೆ ಹುಡುಕುವುದು, ಸಿಲಿಂಡರ್ ತರುವುದು, ರೆಮ್‌ಡಿಸಿವಿರ್‌ಗೆ ಅಲೆಯುವುದು ಎಲ್ಲವೂ ಕಡೆಯವರ ತಲೆಗೇ ಬಂತು. ಹುಡುಕಿ ಕೊಡಲು ಮನೆಯಲ್ಲಿ ಪ್ರಾಯದ ಮಕ್ಕಳಿದ್ದವರು, ವಾಟ್ಸಾಪ್ ಗುಂಪುಗಳಲ್ಲಿ ಪರಿಚಯವಿದ್ದವರು ಹೇಗೋ ದಾಟಿದರು. ಆ ಎರಡು ವರ್ಷ ಕಲಿಸಿದ್ದನ್ನು ಹಾಸಿಗೆ, ವೆಂಟಿಲೇಟರ್, ಆಕ್ಸಿಜನ್ ಪ್ಲಾಂಟುಗಳ ರೂಪದಲ್ಲಿ ಸ್ವಲ್ಪ ಕಲಿತೆವು. ಜನರ ರೂಪದಲ್ಲಿ ಕಲಿಯಲಿಲ್ಲ.

ಒಂದು ಕಡೆ ಮಾಡಿ ತೋರಿಸಿದ್ದೇವೆ

ಇದು ನಮ್ಮಿಂದ ಆಗದ ಕೆಲಸ ಎಂದು ಯಾರಾದರೂ ಹೇಳಿದರೆ ನಾನು ಹೆರಿಗೆಯನ್ನು ತೋರಿಸುತ್ತೇನೆ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾಗಿ ಊರೂರಿಗೆ ಆಶಾ ಕಾರ್ಯಕರ್ತೆಯರು ಬಂದರು. ಬಸುರಿಯ ಹೆಸರು ಬರೆಸುವುದು, ತಾಯಿ ಕಾರ್ಡ್ ಮಾಡಿಸುವುದು, ನೋವು ಬಂದಾಗ ವಾಹನ ಕರೆಸಿ ಆಸ್ಪತ್ರೆಗೆ ಜೊತೆಗೆ ಹೋಗುವುದು ಆಕೆಯ ಕೆಲಸ. ಅಂದರೆ ಪ್ರತಿ ಬಸುರಿಗೂ ಸರ್ಕಾರವೇ ಒಬ್ಬ ಕಡೆಯವರನ್ನು ಗೊತ್ತುಮಾಡಿತು. 2008ರಲ್ಲಿ ನಮ್ಮ ರಾಜ್ಯಕ್ಕೆ 108 ಬಂತು. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಔಷಧಿ, ಊಟ, ರಕ್ತ, ಹೋಗಿಬರುವ ವಾಹನ ಎಲ್ಲವನ್ನೂ ಹಕ್ಕು ಎಂದು ಪಟ್ಟಿ ಮಾಡಿತು. ಬಾಣಂತಿಯನ್ನು ಮನೆಗೆ ಬಿಡಲು ನಗು-ಮಗು ವಾಹನ ಓಡಿತು. ಕರ್ನಾಟಕದಲ್ಲಿ ಆಸ್ಪತ್ರೆ ಹೆರಿಗೆ 2005-06ರ ಸಮೀಕ್ಷೆಯಲ್ಲಿ ಶೇ. 65ರ ಆಸುಪಾಸಿನಲ್ಲಿದ್ದದ್ದು 2019-20ಕ್ಕೆ ಶೇ. 97 ಆಯಿತು. ಲಕ್ಷ ಜೀವಂತ ಜನನಕ್ಕೆ 213 ತಾಯಂದಿರು ಸಾಯುತ್ತಿದ್ದದ್ದು 2018-20ರ ಹೊತ್ತಿಗೆ 69ಕ್ಕೆ ಇಳಿಯಿತು. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಸತ್ತಾಗ ರಾಜ್ಯವೆಲ್ಲ ಎದ್ದು ಕೇಳಿತಲ್ಲ, ಹಾಗೆ ಕೇಳುವಂತಾದದ್ದೂ ಹೆರಿಗೆಯಲ್ಲಿ ಸಾವು ಸಹಜ ಎಂಬ ಕಾಲ ಹಿಂದೆ ಸರಿದದ್ದರಿಂದಲೇ.

ಇಷ್ಟು ಮಾಡಿದ ಆಶಾ ಇವತ್ತಿಗೂ ಸರ್ಕಾರದ ಕಣ್ಣಿನಲ್ಲಿ ನೌಕರಳಲ್ಲ, ಸ್ವಯಂಸೇವಕಿ. ಸಂಬಳವಿಲ್ಲ, ಗೌರವಧನ. 2025ರ ಜನವರಿಯ ಚಳಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲೂ ರಾತ್ರಿ ಧರಣಿ ಕೂತರು. ಪಕ್ಕದಲ್ಲಿ ನಿಲ್ಲುವ ಕೆಲಸವನ್ನು ನಾವು ಕೆಲಸವೆಂದೇ ಎಣಿಸುವುದಿಲ್ಲ. ಹೆಂಗಸರು ಮಾಡುವುದರಿಂದಲೋ ಏನೋ. ವಾರ್ಡಿನಲ್ಲಿ ಚಾಪೆ ಹಾಸಿಕೊಂಡವರಲ್ಲೂ ಹೆಚ್ಚಿನವರು ಹೆಂಗಸರೇ.

ಇನ್ನು ಮುಂದೆ?

ಈ ಬಿಟ್ಟಿ ದುಡಿಮೆ ಹೀಗೇ ಸಿಗುತ್ತಿರುತ್ತದೆ ಎಂದು ಯಾರಾದರೂ ನಂಬಿದ್ದರೆ ಅವರು ನಮ್ಮ ಊರಿಗೊಮ್ಮೆ ಬರಬೇಕು. ಅಜ್ಜನ ಕಾಲದಲ್ಲಿ ಒಬ್ಬರು ಮಲಗಿದರೆ ಸರದಿಯ ಮೇಲೆ ನೋಡಲು ಏಳೆಂಟು ಜನ ಇರುತ್ತಿದ್ದರು. 2019-20ರ ಸಮೀಕ್ಷೆಯ ಹೊತ್ತಿಗೇ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ಆ ಒಬ್ಬರೋ ಇಬ್ಬರೋ ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ, ಡೆಲಿವರಿ ಕೆಲಸದಲ್ಲಿ, ರಜೆ ಹಾಕಿದರೆ ಸಂಬಳ ಕಡಿತ. ಹಟ್ಟಿಯ ಮುಂದೆ ಕೂತವರೆಲ್ಲ ಬಿಪಿ, ಸಕ್ಕರೆ ಕಾಯಿಲೆಯ ವಯಸ್ಸಿನವರು. ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ತಾಲ್ಲೂಕಿಗೆ ಹೋಗುವವರೂ ಇದ್ದಾರೆ. ಡಯಾಲಿಸಿಸ್ ಉಚಿತ; ಕರೆದುಕೊಂಡು ಹೋಗಿ ಕರೆತರುವವರು ಬೇಕು.

ಚಿಕ್ಕಮ್ಮನಿಗೆ ಎರಡು ವರ್ಷದಿಂದ ಮಂಡಿ ನೋವು. ಚಿಪ್ಪು ಬದಲಾಯಿಸಬೇಕು ಎಂದು ಡಾಕ್ಟರು ಹೇಳಿದ್ದಾರೆ. ಬಿಪಿಎಲ್ ಕಾರ್ಡ್ ಇದೆ, ದುಡ್ಡಿನ ಯೋಚನೆ ಅಷ್ಟಿಲ್ಲ. ಆಪರೇಷನ್ ಮಾಡಿಸಿಬಿಡೋಣ ಎಂದೆ. ‘ನಿಮ್ಮ ಚಿಕ್ಕಪ್ಪ ಕೋಲೂರಿಕೊಂಡು ನಡೀತಾವ್ರೆ. ಮಗಳಿಗೆ ಚಿಕ್ಕ ಕೂಸು. ಮಗ ಬಂದ್ರೆ ಎಷ್ಟು ದಿನ ಇದ್ದಾನು? ನನ್ನ ಜೊತೆ ಯಾರಪ್ಪ ಇರ್ತಾರೆ?’ ಎಂದರು. ನಾನಿದ್ದೇನೆ ಎಂದೆ. ‘ಹೆಂಗಸ್ರ ವಾರ್ಡಲ್ಲಿ ರಾತ್ರಿ ನಿನ್ನ ಬಿಟ್ಕೊಳಲ್ಲ’ ಎಂದರು. ಅದು ನಿಜ. ಎಷ್ಟೋ ಜನರ ಪಕ್ಕ ನಿಂತವರು, ಪರಿಚಯವೇ ಇಲ್ಲದವರಿಗೂ ಪಾಟು ತೊಳೆದುಕೊಟ್ಟವರು, ತನ್ನ ಸರದಿ ಬಂದಾಗ ನೋವು ನುಂಗಿಕೊಂಡು ಕುಂಟುತ್ತಿದ್ದಾರೆ. ಯಾವ ಕಾಯುವ ಪಟ್ಟಿಯಲ್ಲೂ ಅವರ ಹೆಸರಿಲ್ಲ.

ದೇಶದ ಆರೋಗ್ಯ ವ್ಯವಸ್ಥೆ ಹೇಗಿರಬೇಕೆಂದು ಹೇಳಿದ 1946ರ ಭೋರ್ ಸಮಿತಿ ವರದಿ ಹತ್ತಿಪ್ಪತ್ತು ಸಾವಿರ ಜನರಿಗೊಂದು 75 ಹಾಸಿಗೆಯ ಆಸ್ಪತ್ರೆಯ ಕನಸು ಕಂಡಿತ್ತು. ಅಷ್ಟು ದೊಡ್ಡದನ್ನು ನಾನಿಲ್ಲಿ ಕೇಳುತ್ತಿಲ್ಲ. ಪ್ರತಿ ವಾರ್ಡಿಗೂ ಪ್ರತಿ ಪಾಳಿಗೂ ಸ್ಯಾಂಪಲ್, ಫೈಲು, ಸ್ಟ್ರೆಚರ್ ನೋಡಿಕೊಳ್ಳಲು ಒಬ್ಬರು, ಪಾಟು ಕೊಟ್ಟು ಮಗ್ಗುಲು ಬದಲಿಸಲು ಇನ್ನೊಬ್ಬರು, ಸರಿಯಾದ ಸಂಬಳದ ಖಾಯಂ ಕೆಲಸದಲ್ಲಿ ಇರಬೇಕು. ಒಂಟಿಯಾಗಿ ಬಂದ ರೋಗಿಯ ಕಾರ್ಡು, ಸಹಿ, ರಕ್ತದ ಜವಾಬ್ದಾರಿಯನ್ನು ಆಸ್ಪತ್ರೆಯ ಸಮಾಜ ಕಾರ್ಯಕರ್ತರ ಹೆಸರಿಗೆ ಬರೆದಿಡಬೇಕು, ಬೆಳಗಿನ ರೌಂಡ್ಸಿನಲ್ಲಿ ಡಾಕ್ಟರು ಕೇಳಿದರೆ ಉತ್ತರಿಸುವವರು ಅಲ್ಲಿರುವ ಹಾಗೆ. ಪ್ರತಿ ಸರ್ಕಾರಿ ಆಸ್ಪತ್ರೆಗೂ ಜನಪ್ರತಿನಿಧಿಗಳಿರುವ ಆರೋಗ್ಯ ರಕ್ಷಾ ಸಮಿತಿ ಇದೆ. ಅದರ ಸಭೆಗಳಲ್ಲಿ ಹೊಸ ಕಟ್ಟಡದ ಮಾತು ತಪ್ಪದೆ ಬರುತ್ತದೆ. ಈ ಬರಹವನ್ನು ಅರ್ಜಿಯ ರೂಪಕ್ಕೆ ಇಳಿಸಿ ನಮ್ಮ ತಾಲ್ಲೂಕಿನ ಸಮಿತಿಗೆ ಕೊಡುತ್ತಿದ್ದೇನೆ. ನಿಮ್ಮಲ್ಲಿ ಯಾರಾದರೂ ವಾರ್ಡಿನಲ್ಲಿ ಚಾಪೆ ಹಾಸಿಕೊಂಡು ಮಲಗಿ ಬಂದಿದ್ದರೆ, ಅಲ್ಲಿ ನೀವು ಯಾರ ಕೆಲಸ ಮಾಡಿದಿರಿ ಎಂದು ಬರೆದು ನಿಮ್ಮ ತಾಲ್ಲೂಕಿನ ಸಮಿತಿಗೂ ಕೊಡಿ.